ಕಾಗದಕ್ಕೆ ಎಷ್ಟು ನೀರು ಬೇಕು?

ಹನಿ ದ್ರವವನ್ನು ಕಾಗದದ ಕಿರುಕಾಲುವೆಗಳಲ್ಲಿ ಹರಿಸಿ ಪರೀಕ್ಷಿಸುವ ಸೂಕ್ಷ್ಮದ್ರವ ಸಾಧನಗಳ ಬಗ್ಗೆ ಯಾರೇ ಮಾತಾಡಲಿ, ಕಥೆ ಶುರುವಾಗುವುದು 2007ರಿಂದ. ಆ ವರ್ಷ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದೊಳಗೆ ನೀರು ದಾಟದ ಗೋಡೆ ಕಟ್ಟಿ, ಮೂತ್ರದ ಒಂದೇ ಹನಿಯಲ್ಲಿ ಗ್ಲೂಕೋಸ್, ಪ್ರೋಟೀನ್ ಎರಡನ್ನೂ ಪತ್ತೆಹಚ್ಚಿತು. ದೊಡ್ಡ ಕೆಲಸವೇ. ಆದರೆ ಅದಕ್ಕೆ ಹಿಂದೆ ಏನೂ ಇರಲಿಲ್ಲವೆಂಬಂತೆ ಪಾಠ ಹೇಳುವುದು ತಪ್ಪು. ನೀರಿನ ಪರೀಕ್ಷೆಯ ವಿಷಯದಲ್ಲಂತೂ ದುಬಾರಿ ತಪ್ಪು.

ಲಿಟ್ಮಸ್, ಆರ್ಸೆನಿಕ್‌ಗೆ ಬಳಸುವ ಮರ್ಕ್ಯುರಿಕ್ ಬ್ರೋಮೈಡ್ ಕಾಗದ, ರಸಾಯನಶಾಸ್ತ್ರಜ್ಞ ಫೈಗಲ್‌ರ ಚುಕ್ಕೆ ಪರೀಕ್ಷೆಗಳು, 1949ರಲ್ಲಿ ಮುಲ್ಲರ್ ಮತ್ತು ಕ್ಲೆಗ್ ಸೋಸುಕಾಗದದ ಮೇಲೆ ಎಳೆದ ಪ್ಯಾರಾಫಿನ್ ಗೆರೆ: ಇವೆಲ್ಲ ಹಳೆಯ ಸಂಗತಿ. ನಿಜವಾಗಿ ನೆನೆಯಬೇಕಾದ್ದು 1982. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯ ಕೆ.ಎಸ್. ಮಂಜ ಮತ್ತು ಸಂಗಡಿಗರು ಪೋಷಕ ದ್ರಾವಣದಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ಬಾಟಲಿಯಲ್ಲಿಟ್ಟು, 20 ಮಿ.ಲೀ. ನೀರು ಸುರಿದು, ಬೆಚ್ಚಗೆ ಬಿಟ್ಟರು. ಮಲದ ಸೋಂಕಿದ್ದರೆ ನೀರು ಕಪ್ಪಾಗುತ್ತಿತ್ತು. ಅಂತರ್ಜಲದಲ್ಲಿ ಸಹಜವಾಗಿರುವ ಗಂಧಕದ ಬ್ಯಾಕ್ಟೀರಿಯಾಗಳೂ ಕಪ್ಪು ತೋರಿಸಬಲ್ಲವು, ನಿಜ. ಆದರೂ ಹಳ್ಳಿಯವರ ಕೈಗೆ ಹೋಗಿ ಉಳಿದ ಪರೀಕ್ಷೆ ಅದು. ನಮ್ಮ ಸಮೀಕ್ಷಾ ಪ್ರಬಂಧಗಳಲ್ಲಿ ಅದರ ಹೆಸರೇ ಅಪರೂಪ.

2009ರ ಮೇಣದ ಮುದ್ರಣ ನಮ್ಮ ತಲೆಮಾರಿಗೆ ಬಾಗಿಲು ತೆರೆಯಿತು. ಘನ ಶಾಯಿಯ ಪ್ರಿಂಟರಿನಲ್ಲಿ ವಾಟ್‌ಮನ್ 1 ಹಾಳೆಗೆ ಗೆರೆ ಹಾಕಿ ಹಾಟ್‌ಪ್ಲೇಟ್ ಮೇಲಿಟ್ಟರೆ, ಮೇಣ ಕರಗಿ ಹಾಳೆಯ ಹಿಂಬದಿಗೆ ಇಳಿಯುತ್ತದೆ. ಗೆರೆ ಸ್ವಲ್ಪ ದಪ್ಪವಾಗುತ್ತದೆ, ಅದನ್ನು ಲೆಕ್ಕ ಹಿಡಿದೇ ವಿನ್ಯಾಸ ಮಾಡಬೇಕು. ಕ್ಲೀನ್‌ರೂಮ್ ಬೇಕಿಲ್ಲ, ಪಂಪ್ ಬೇಕಿಲ್ಲ. ನೀರು ತಾನೇ ನಡೆಯುತ್ತದೆ, ಆದರೆ ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ಬಣ್ಣ ಓದುವ ತಕರಾರಿಗೆ 2013ರಲ್ಲಿ ಕೊಲೊರಾಡೊದ ಚಾರ್ಲ್ಸ್ ಹೆನ್ರಿ ತಂಡ ಒಳ್ಳೆಯ ಉತ್ತರ ಕೊಟ್ಟಿತು: ಎಷ್ಟು ಗಾಢವೆಂದು ನೋಡಬೇಡಿ, ಬಣ್ಣ ಎಷ್ಟು ಉದ್ದ ಹರಿದಿದೆ ಎಂದು ಅಳೆಯಿರಿ. ಟ್ಯೂಬ್‌ಲೈಟಿನಲ್ಲಿ ಒಂದು, ಬಿಸಿಲಲ್ಲಿ ಇನ್ನೊಂದು ಉತ್ತರ ಬರುವ ಮೊಬೈಲ್ ಕ್ಯಾಮೆರಾಗಳಿಗಿಂತ ಇದೇ ನನಗೆ ಮೆಚ್ಚು.

ಬೆಂಗಳೂರಿನ ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೂಷಣ್ ತೋಲೆ ಅವರ ತಂಡ ಕಾಗದದಲ್ಲಿ ದ್ರವದ ಹರಿವನ್ನು ಹತೋಟಿಗೆ ತರುವ ಕೆಲಸ ಮಾಡುತ್ತಿದೆ, ಗುರಿ ರೋಗಪತ್ತೆ. ಮುಂಬಯಿ ಐಐಟಿಯ ದೇಬ್ಜಾನಿ ಪಾಲ್ ಅವರ ಕಾಗದವೂ ರಕ್ತದ ಕಡೆಗೇ. ರೋಗಕ್ಕೆ ಅನುದಾನವಿದೆ, ನೀರಿಗೆ ಉಳಿದದ್ದು.

ಆದರೆ ನೀರಿನ ಕಷ್ಟಗಳೇ ಬೇರೆ. ಯಲಹಂಕ, ಜಕ್ಕೂರಿನ ಬೋರ್‌ವೆಲ್ ನೀರಿನ ಗಡಸುತನ ಬಕೆಟ್ಟಿನ ಬಿಳಿ ಕರೆಯಲ್ಲೇ ಕಾಣುತ್ತದೆ. ಫ್ಲೋರೈಡ್‌ಗೆ ಜಿರ್ಕೋನಿಯಂ ಬಣ್ಣ ಹಾಕಿದ ಕಾಗದದಲ್ಲಿ ಆಮ್ಲ ಇರುವುದೇ ಚೂರು. ಇಂಥ ನೀರಿನ ಬೈಕಾರ್ಬೊನೇಟ್ ಅದನ್ನು ತಿಂದುಹಾಕಿದರೆ ಬಣ್ಣಕ್ಕೆ ಅರ್ಥವಿಲ್ಲ. ಕುಡಿಯುವ ನೀರಿನ ನಮ್ಮ ಮಾನಕವಾದ ಐಎಸ್ 10500 ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 1.5 ತನಕ. ಈ ಅರ್ಧ ಮಿಲಿಗ್ರಾಂ ಅಂತರವನ್ನು ಹೇಳಲಾಗದ ಪಟ್ಟಿ ಚಿಕ್ಕಬಳ್ಳಾಪುರ, ಪಾವಗಡದ ತಾಯಂದಿರಿಗೆ ಏನು ಉಪಯೋಗ?

ಇನ್ನೂ ದೊಡ್ಡ ಅಡ್ಡಿ ಗಾತ್ರ. ಮಾನಕದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಒಂದೂ ಇ. ಕೋಲಿ ಇರಕೂಡದು. ನಮ್ಮ ಕಾಗದ ಕುಡಿಯುವುದು 50 ಮೈಕ್ರೋಲೀಟರ್, ಅಂದರೆ ಅದರ ಎರಡು ಸಾವಿರದಲ್ಲೊಂದು ಪಾಲು. ಆ ಹನಿಯಲ್ಲಿ ಏನೂ ಸಿಗದಿದ್ದರೆ ನೀರು ಶುದ್ಧವೆಂದಾಗುವುದಿಲ್ಲ. ಮಂಜ ಅವರ ಬಾಟಲಿ ಐದರಲ್ಲೊಂದು ಪಾಲನ್ನಾದರೂ ನೋಡುತ್ತಿತ್ತು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸುವ ಗುರಿ ಇಟ್ಟುಕೊಂಡಿತು. ಬಳಸುವವರು ಸಿದ್ಧರಿದ್ದಾರೆ. ಬೇಕಾಗಿರುವುದು ಇನ್ನೊಂದು ಹೊಸ ಬಣ್ಣವಲ್ಲ, 100 ಮಿ.ಲೀ. ನೀರನ್ನು ಕಾಗದದ ಬಾಯಿಗೆ ತರುವ ಅಗ್ಗದ ಸೋಸುವಿಕೆ, ಮತ್ತು ಬಟ್ಟಿ ಇಳಿಸಿದ ನೀರಿನ ಬದಲು ಬೋರ್‌ವೆಲ್ ನೀರಿನಲ್ಲಿ ನಡೆಸಿದ ಪ್ರಯೋಗ. ಇದನ್ನು ಯಾವ ನಿಯತಕಾಲಿಕವೂ ಹೊಸ ಆವಿಷ್ಕಾರವೆನ್ನದು, ಹಾಗಾಗಿಯೇ ಮಾಡುವವರು ಕಡಿಮೆ. ಅನುದಾನ ಕೊಡುವವರು ಮೊದಲು ಈ ಎರಡನ್ನು ಕೇಳಲಿ.