ಐವತ್ತಕ್ಕೂ ಹೆಚ್ಚು ವರ್ಷ ರಂಗದ ಮೇಲೆ, ಆಮೇಲೆ ಸಾವನದುರ್ಗ: ಪೆಗ್ಗಿ ಆಶ್‌ಕ್ರಾಫ್ಟ್ ಕಥೆ

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ರಾಮನಗರದ ರಾಮದೇವರ ಬೆಟ್ಟವಂತೂ 'ಶೋಲೆ' ಸಿನಿಮಾದಿಂದ ದೇಶಕ್ಕೆಲ್ಲ ಗೊತ್ತು. 'ಶೋಲೆ' ಬಿಡುಗಡೆಯಾಗಿ ಹತ್ತು ವರ್ಷ ತುಂಬುವ ಮೊದಲೇ ಈ ಎರಡೂ ಬೆಟ್ಟಗಳಿಗೆ ಇನ್ನೊಂದು ದೊಡ್ಡ ಸಿನಿಮಾ ತಂಡ ಬಂತು. ಅದು ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'. ಕಥೆಗೆ ಬೇಕಿದ್ದದ್ದು ಬಿಹಾರದ ಕಡೆಯ ಗುಹೆಗಳು. ಅಲ್ಲಿನ ಬರಾಬರ್ ಗುಹೆಗಳು ಲೀನ್ ಕಣ್ಣಿಗೆ ಸಪ್ಪೆಯಾಗಿ ಕಂಡವು. ಹಾಗಾಗಿ ನಮ್ಮ ಬಂಡೆಗಳಲ್ಲೇ ಗುಹೆಯ ಬಾಯಿಗಳನ್ನು ಕೊರೆಸಿದರು. ಊರಿನ ಸೆಟ್ಟುಗಳು ಬೆಂಗಳೂರು ಅರಮನೆ ಮೈದಾನದಲ್ಲಿ ಎದ್ದವು.

ಆ ಚಿತ್ರದಲ್ಲಿ ಶ್ರೀಮತಿ ಮೂರ್ ಎಂಬ ಮುದುಕಿಯ ಪಾತ್ರ ಮಾಡಿದವರು ಪೆಗ್ಗಿ ಆಶ್‌ಕ್ರಾಫ್ಟ್. ಆಗ ಅವರಿಗೆ 76 ವರ್ಷ. ಮರುವರ್ಷ, 1985ರಲ್ಲಿ, ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಅಷ್ಟು ವಯಸ್ಸಾದವರು ಅದಕ್ಕೆ ಮೊದಲು ಯಾರೂ ಗೆದ್ದಿರಲಿಲ್ಲ. ಇವತ್ತು ಫೋನಿನಲ್ಲಿ ಅವರ ಹೆಸರು ಹುಡುಕಿದರೆ ಮೊದಲು ಸಿಗುವುದು ಈ ಸುದ್ದಿಯೇ. ಆದರೆ ಇಂಗ್ಲೆಂಡಿನಲ್ಲಿ ಅವರು ದೊಡ್ಡವರೆನಿಸಿಕೊಂಡದ್ದು ಸಿನಿಮಾದಿಂದಲ್ಲ, ನಾಟಕದಿಂದ.

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಆಗ ಲಂಡನ್ನಿಗೆ ಅಂಟಿಕೊಂಡಿದ್ದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತರು. ತಾಯಿಗೆ ನಾಟಕದ ಹವ್ಯಾಸವಿತ್ತು. ಪೆಗ್ಗಿ 16ನೇ ವಯಸ್ಸಿಗೆ ಎಲ್ಸಿ ಫೋಗರ್ಟಿ ಎಂಬ ಶಿಕ್ಷಕಿ ನಡೆಸುತ್ತಿದ್ದ ನಾಟಕ ಶಾಲೆಗೆ ಸೇರಿದರು. ಮುಂದೆ ಜಗತ್ಪ್ರಸಿದ್ಧರಾದ ಲಾರೆನ್ಸ್ ಒಲಿವಿಯರ್ ಅಲ್ಲಿ ಜೊತೆಯ ವಿದ್ಯಾರ್ಥಿ. 1926ರಲ್ಲಿ ತಾಯಿಯೂ ತೀರಿಕೊಂಡರು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೆಗ್ಗಿ ವೃತ್ತಿ ರಂಗಭೂಮಿಗೆ ಕಾಲಿಟ್ಟರು.

ಅವರ ಬದುಕಿನಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು 1930ರ ಒಂದು ನಾಟಕ. ಶೇಕ್ಸ್‌ಪಿಯರ್‌ನ 'ಒಥೆಲೊ'. ಕಪ್ಪು ಸೇನಾಪತಿ ಒಥೆಲೊ, ಅವನ ಬಿಳಿಯ ಹೆಂಡತಿ ಡೆಸ್ಡಿಮೋನಾ. ಇಂಗ್ಲೆಂಡಿನಲ್ಲಿ ಈ ಪಾತ್ರವನ್ನು ಬಹುತೇಕ ಬಿಳಿಯ ನಟರೇ ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡುತ್ತಿದ್ದ ಕಾಲ ಅದು. ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ಆ ಸಲ ಒಥೆಲೊ ಆದವರು ಅಮೆರಿಕದ ಕಪ್ಪು ನಟ, ಹಾಡುಗಾರ ಪಾಲ್ ರಾಬ್ಸನ್. ಅವರ ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದವರು. ಡೆಸ್ಡಿಮೋನಾ ಪೆಗ್ಗಿ, ವಯಸ್ಸು 22.

ಕಪ್ಪು ಗಂಡಸು ಬಿಳಿ ಹೆಣ್ಣನ್ನು ರಂಗದ ಮೇಲೆ ಮುಟ್ಟುವುದು, ಮುತ್ತು ಕೊಡುವುದು ಆಗ ಹಲವರಿಗೆ ಸಹಿಸಲಾಗದ ಮಾತು. ಪೆಗ್ಗಿಗೆ ಬೈಗುಳದ ಕಾಗದಗಳು ಬಂದವು. ಥಿಯೇಟರಿಗೆ ಅಂಟಿಕೊಂಡೇ ಸವಾಯ್ ಹೋಟೆಲ್ ಇದೆ. ಅದರ ಹಿಂದಿನ ವರ್ಷವಷ್ಟೇ ಆ ಹೋಟೆಲಿನ ಊಟದ ಮನೆಯಲ್ಲಿ ರಾಬ್ಸನ್ ಅವರಿಗೆ ಊಟ ಬಡಿಸಲು ನಿರಾಕರಿಸಿದ್ದರು. ರಂಗದ ಮೇಲೆ ನಿಂತರೆ ಚಪ್ಪಾಳೆ, ಪಕ್ಕದ ಬಾಗಿಲಿಗೆ ಹೋದರೆ ಹೊರಗೆ ನಿಲ್ಲು. ಜಾತಿಯ ಕಾರಣಕ್ಕೆ ಹೋಟೆಲಿನಲ್ಲಿ ಬೇರೆ ಲೋಟ ಇಡುತ್ತಿದ್ದದ್ದನ್ನು ನೋಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ಬಾಗಿಲುಗಳ ನಡುವಿನ ವ್ಯತ್ಯಾಸವೇ ತನ್ನ ಕಣ್ಣು ತೆರೆಸಿತು ಎಂದು ಪೆಗ್ಗಿ ಮುಂದೆ ನೆನಪಿಸಿಕೊಂಡಿದ್ದಾರೆ. ಅಮೆರಿಕದ ಬ್ರಾಡ್‌ವೇಯಲ್ಲಿ ರಾಬ್ಸನ್ ಒಥೆಲೊ ಆಗಲು 1943ರವರೆಗೆ ಕಾಯಬೇಕಾಯಿತು.

ಅಲ್ಲಿಂದ ಪೆಗ್ಗಿ ಹಿಂತಿರುಗಿ ನೋಡಲಿಲ್ಲ. 1935ರಲ್ಲಿ ಲಂಡನ್ನಿನ 'ರೋಮಿಯೊ ಅಂಡ್ ಜೂಲಿಯೆಟ್'ನಲ್ಲಿ ಅವರು ಜೂಲಿಯೆಟ್. ಜಾನ್ ಗಿಲ್‌ಗುಡ್ ಮತ್ತು ಒಲಿವಿಯರ್ ಸರದಿಯ ಮೇಲೆ ಪಾತ್ರ ಬದಲಿಸಿಕೊಳ್ಳುತ್ತಿದ್ದರು. ಒಬ್ಬರು ರೋಮಿಯೊ ಆದರೆ ಇನ್ನೊಬ್ಬರು ಅವನ ಗೆಳೆಯ ಮರ್ಕ್ಯೂಷಿಯೊ. ರೋಮಿಯೊ ಬದಲಾದರೂ ಜೂಲಿಯೆಟ್ ಒಬ್ಬರೇ. ಪ್ರತಿ ಸಲವೂ ಎದುರಿನ ನಟನಿಗೆ ತಕ್ಕಂತೆ ಆಡಬೇಕಾದವರು ಪೆಗ್ಗಿ. ಆದರೂ ಈ ನಾಟಕದ ಬಗ್ಗೆ ಬರೆಯುವವರು ಆ ಇಬ್ಬರು ಗಂಡಸರ ಪೈಪೋಟಿಯನ್ನೇ ಹೆಚ್ಚು ಬರೆಯುತ್ತಾರೆ.

ಅದೇ ವರ್ಷ ಹಿಚ್‌ಕಾಕ್ ಅವರ 'ದಿ 39 ಸ್ಟೆಪ್ಸ್' ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ಮಾಡಿದರು. ಸ್ಕಾಟ್ಲೆಂಡಿನ ಬಡ ರೈತನ ಹೆಂಡತಿ. ಗಂಡ ವಯಸ್ಸಾದವನು, ಸಂಶಯದ ಪಿಶಾಚಿ. ಪೊಲೀಸರಿಂದ ಓಡುತ್ತಿರುವ ನಾಯಕ ಒಂದು ರಾತ್ರಿ ಅವರ ಮನೆಯಲ್ಲಿ ಉಳಿಯುತ್ತಾನೆ. ಅವಳು ಪಟ್ಟಣದ ಬಗ್ಗೆ ಆಸೆಯಿಂದ ಕೇಳುತ್ತಾಳೆ, ಗಂಡ ಬಂದ ಕೂಡಲೇ ಮಾತು ನುಂಗುತ್ತಾಳೆ. ಕೊನೆಗೆ ಗಂಡನ ಕೋಟನ್ನೇ ಅವನಿಗೆ ಕೊಟ್ಟು ತಪ್ಪಿಸಿ ಕಳಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾ ಗೀತೆಗಳ ಪುಸ್ತಕ ಮುಂದೆ ಗುಂಡು ತಡೆದು ಅವನ ಪ್ರಾಣ ಉಳಿಸುತ್ತದೆ. ಅವಳಿಗೆ ಉಳಿಯುವುದು ಗಂಡನ ಹೊಡೆತ. ಇರುವುದು ಕೆಲವೇ ನಿಮಿಷ. ನಮ್ಮ ಮಟ್ಟಿಗೆ ಇಡೀ ಚಿತ್ರದಲ್ಲಿ ನೆನಪಿನಲ್ಲಿ ಉಳಿಯುವವಳು ಇವಳೇ.

ಇಷ್ಟಾದರೂ ಸಿನಿಮಾದ ಬೆನ್ನು ಹತ್ತಲಿಲ್ಲ. ನಡುವೆ ಮೂರು ಮದುವೆ, ಮೂರು ವಿಚ್ಛೇದನ, ಇಬ್ಬರು ಮಕ್ಕಳು. 1956ರಲ್ಲಿ 'ಡೇಮ್' ಗೌರವ. ಇಬ್ಸೆನ್‌ನ 'ಹೆಡ್ಡಾ ಗ್ಯಾಬ್ಲರ್' ಅನ್ನು ನಾರ್ವೆಯಲ್ಲಿ ಆಡಿದ್ದಕ್ಕೆ ಅಲ್ಲಿನ ರಾಜನಿಂದ ಪದಕ. ಆಮೇಲೆ ಪೀಟರ್ ಹಾಲ್ ಎಂಬ ತರುಣ ನಿರ್ದೇಶಕ ಸ್ಟ್ರಾಟ್‌ಫರ್ಡ್‌ನಲ್ಲಿ ಕಾಯಂ ನಾಟಕ ಕಂಪನಿ ಕಟ್ಟುವ ಯೋಜನೆ ಹಿಡಿದು ಬಂದಾಗ, ಅಷ್ಟು ದೊಡ್ಡ ನಟಿ ತಕ್ಷಣ ಒಪ್ಪಿಕೊಂಡರು. ಒಬ್ಬ ತಾರೆ, ಸುತ್ತ ನಾಲ್ಕು ಜನ ಎಂಬ ಲೆಕ್ಕ ಅಲ್ಲಿರಲಿಲ್ಲ. ವರ್ಷಗಟ್ಟಲೆ ಒಂದೇ ತಂಡ, ಇಂದು ದೊಡ್ಡ ಪಾತ್ರ, ನಾಳೆ ಚಿಕ್ಕದು. ಅದೇ 1961ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ಹೆಸರು ಪಡೆಯಿತು.

1963ರಲ್ಲಿ ಆ ಕಂಪನಿ 'ದಿ ವಾರ್ಸ್ ಆಫ್ ದಿ ರೋಸಸ್' ಆಡಿತು. ಶೇಕ್ಸ್‌ಪಿಯರ್‌ನ ನಾಲ್ಕು ಚರಿತ್ರೆ ನಾಟಕಗಳನ್ನು ಮೂರಕ್ಕೆ ಇಳಿಸಿ ಕಟ್ಟಿದ್ದು. ಪೆಗ್ಗಿ ಅದರಲ್ಲಿ ರಾಣಿ ಮಾರ್ಗರೆಟ್. ಫ್ರಾನ್ಸಿನಿಂದ ಮದುವೆಯಾಗಿ ಬರುವ ಹುಡುಗಿ, ಸೈನ್ಯ ನಡೆಸುವ ರಾಣಿ, ಗಂಡ-ಮಗ ಇಬ್ಬರನ್ನೂ ಕಳೆದುಕೊಂಡು ಶಾಪ ಹಾಕುತ್ತಾ ಅಲೆಯುವ ಮುದುಕಿ. ಈ ಎಲ್ಲ ವಯಸ್ಸನ್ನೂ 55ರ ಪೆಗ್ಗಿಯೇ ಆಡಿದರು. ಫ್ರೆಂಚ್ ಹೆಣ್ಣು ಎಂದು ತೋರಲು 'ರ' ಅಕ್ಷರವನ್ನು ಬೇರೆ ಥರ ಉಚ್ಚರಿಸುತ್ತಿದ್ದರು. ಸೆರೆ ಸಿಕ್ಕ ಶತ್ರುವಿನ ಕೈಗೆ ಅವನ ಮಗನ ರಕ್ತದಲ್ಲಿ ಅದ್ದಿದ ಬಟ್ಟೆ ಕೊಟ್ಟು, ತಲೆಗೆ ಕಾಗದದ ಕಿರೀಟ ಇಟ್ಟು ಹಂಗಿಸುವ ದೃಶ್ಯ ಈ ನಾಟಕದಲ್ಲಿದೆ.

ಕಂಪನಿ ನಾಟಕ ನೋಡಿದ ಅಜ್ಜ-ಅಜ್ಜಿಯರು ಒಬ್ಬ ನಟಿಯನ್ನು ಹೊಗಳುತ್ತಾರೆ, ನಾವು ಕೇಳುತ್ತೇವೆ. ಆ ದನಿ ಹೇಗಿತ್ತು ಎಂದರೆ ತೋರಿಸಲು ಏನೂ ಇಲ್ಲ. ಪೆಗ್ಗಿಯ ಜೂಲಿಯೆಟ್, ಡೆಸ್ಡಿಮೋನಾ ಕೂಡ ಹಾಗೆಯೇ ಹೋದವು. ಪುಣ್ಯಕ್ಕೆ 'ವಾರ್ಸ್ ಆಫ್ ದಿ ರೋಸಸ್' ಅನ್ನು ಬಿಬಿಸಿ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು. ಮಾರ್ಗರೆಟ್ ಉಳಿದಳು.

ಇನ್ನು ಸಾವನದುರ್ಗದ ವಿಷಯ. 'ದಿ ಜ್ಯುವೆಲ್ ಇನ್ ದಿ ಕ್ರೌನ್' ಎಂಬ ಟಿವಿ ಧಾರಾವಾಹಿಗಾಗಿ ಪೆಗ್ಗಿ ಆಗಲೇ ತಿಂಗಳುಗಟ್ಟಲೆ ಭಾರತದಲ್ಲಿ ಕೆಲಸ ಮಾಡಿ ಹೋಗಿದ್ದರು. ಮತ್ತೆ ಬರಲು ಮನಸ್ಸಿರಲಿಲ್ಲ. ನನಗೆ 75 ಆಯಿತು ಎಂದರಂತೆ. ನನಗೂ ಅಷ್ಟೇ ಎಂದರಂತೆ ಲೀನ್. ಬಂದರು.

ಶ್ರೀಮತಿ ಮೂರ್ ಮಗ ಬ್ರಿಟಿಷ್ ಮ್ಯಾಜಿಸ್ಟ್ರೇಟ್. ಇಲ್ಲಿನವರ ಜೊತೆ ಬೆರೆಯಬಾರದು ಎಂಬುದು ಅವನ ಲೋಕದ ನಿಯಮ. ತಾಯಿ ಮಾತ್ರ ರಾತ್ರಿ ಹೊತ್ತು ಒಬ್ಬಳೇ ಮಸೀದಿಗೆ ಹೋಗುತ್ತಾಳೆ, ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾಳೆ, ಡಾಕ್ಟರ್ ಅಜೀಜ್ ಜೊತೆ ಸರಿಸಮವಾಗಿ ಮಾತಾಡುತ್ತಾಳೆ. ಗುಹೆಯ ಪ್ರವಾಸದ ನಂತರ ಅಜೀಜ್ ಮೇಲೆ ಬಿಳಿಯ ಹುಡುಗಿಯ ಮಾನಭಂಗದ ಆರೋಪ ಬಂದಾಗ ಅವನು ತಪ್ಪು ಮಾಡಿಲ್ಲ ಎಂದು ನಂಬುವವಳೂ ಇವಳೇ. ಮಗ ಅವಳನ್ನು ಹಡಗು ಹತ್ತಿಸಿ ಕಳಿಸುತ್ತಾನೆ. ಸಮುದ್ರದ ಮೇಲೆಯೇ ಸಾಯುತ್ತಾಳೆ. ಇತ್ತ ಕೋರ್ಟಿನ ಹೊರಗೆ ನೆರೆದ ಜನ ಅವಳ ಹೆಸರನ್ನು ತಮ್ಮ ನಾಲಿಗೆಗೆ ಬಂದ ಹಾಗೆ ಕೂಗುತ್ತಾರೆ.

ಆ ಪಾತ್ರದಲ್ಲಿ ಪೆಗ್ಗಿ ಹೆಚ್ಚು ಮಾತಾಡುವುದಿಲ್ಲ. ದಣಿವು, ಬೇಸರ, ಒಂದು ಬಗೆಯ ಹಟ, ಎಲ್ಲ ಮುಖದಲ್ಲೇ. 22ನೇ ವಯಸ್ಸಿಗೆ ಸವಾಯ್‌ನ ಎರಡು ಬಾಗಿಲು ಕಂಡವರಿಗೆ ಶ್ರೀಮತಿ ಮೂರ್ ಯಾರೆಂದು ಯಾರೂ ಕಲಿಸಬೇಕಿರಲಿಲ್ಲ ಎಂದು ನಮಗೆ ಅನ್ನಿಸುತ್ತದೆ.

ಆಸ್ಕರ್ ರಾತ್ರಿ ಪೆಗ್ಗಿ ಅಲ್ಲಿರಲಿಲ್ಲ. ಅವರ ಪರವಾಗಿ ಪ್ರಶಸ್ತಿ ತೆಗೆದುಕೊಂಡವರು ಏಂಜೆಲಾ ಲ್ಯಾನ್ಸ್‌ಬರಿ. 1989ರಲ್ಲಿ 'ಶೀಸ್ ಬೀನ್ ಅವೇ' ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಜೆರಾಲ್ಡಿನ್ ಜೇಮ್ಸ್ ಜೊತೆ ಅತ್ಯುತ್ತಮ ನಟಿ ಪ್ರಶಸ್ತಿ ಹಂಚಿಕೊಂಡರು. 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಹುಟ್ಟೂರು ಕ್ರಾಯ್ಡನ್‌ನಲ್ಲಿ ಅವರ ಹೆಸರಿನ ನಾಟಕ ಮಂದಿರ 1962ರಲ್ಲೇ ಶುರುವಾಗಿತ್ತು, ಅವರು ಇನ್ನೂ ರಂಗದ ಮೇಲೆ ಇದ್ದಾಗಲೇ.