ಉತ್ತರ ಕೆನರಾದ ಚಿಟ್ಟೆಗಳು: ಜಿಲ್ಲಾ ಸಂಗ್ರಹದಿಂದ ವರ್ಗೀಕರಣದವರೆಗೆ

ಭಾರತೀಯ ಚಿಟ್ಟೆಗಳ ಅಧ್ಯಯನದ ಚರಿತ್ರೆಯನ್ನು ಲಂಡನ್ ಮತ್ತು ಕಲ್ಕತ್ತೆಗಳ ಸಂಗ್ರಹಾಲಯಗಳಿಂದ ಆರಂಭಿಸುವುದು ವಾಡಿಕೆ. ಕಾರವಾರದ ಸುತ್ತಣ ಕಾಡುಗಳಲ್ಲಿ ನಡೆದ ಕಾರ್ಯವನ್ನು ಗಮನಿಸಿದರೆ ಈ ಚಿತ್ರ ಅಪೂರ್ಣವೆನಿಸುತ್ತದೆ. 1862ರಲ್ಲಿ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕೆನರಾ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಜೇಮ್ಸ್ ಡೇವಿಡ್‌ಸನ್, ಥಾಮಸ್ ರೀಡ್ ಬೆಲ್ ಮತ್ತು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಅವರು ಬರೆದ ದೀರ್ಘ ಪ್ರಬಂಧವು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1896–97ರಲ್ಲಿ ಕಂತುಗಳಾಗಿ ಪ್ರಕಟವಾಯಿತು. ಮೂವರೂ ವೃತ್ತಿಯಿಂದ ಜೀವವಿಜ್ಞಾನಿಗಳಲ್ಲ. ಡೇವಿಡ್‌ಸನ್ ಸಿವಿಲ್ ಸೇವೆಯ ಅಧಿಕಾರಿ; ಬೆಲ್ ಅರಣ್ಯ ಇಲಾಖೆಯವರು; ಸಾತಾರೆಯಲ್ಲಿ ಜನಿಸಿದ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು, 1883ರಲ್ಲಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು.

ಆ ಕಾಲದ ವರ್ಗೀಕರಣವು ಬಹುಮಟ್ಟಿಗೆ ಒಣಗಿಸಿದ ರೆಕ್ಕೆಗಳನ್ನು ಅವಲಂಬಿಸಿತ್ತು. ದೂರದ ಜಿಲ್ಲೆಯಿಂದ ಬಂದ ಮಾದರಿಯ ಬಣ್ಣ, ಕಣ್ಚುಕ್ಕೆ, ರೆಕ್ಕೆಯಂಚಿನ ಆಕಾರ ಮತ್ತು ನರವಿನ್ಯಾಸಗಳನ್ನು ನೋಡಿ ಪಂಡಿತನು ಹೊಸ ಪ್ರಭೇದವನ್ನು ವಿವರಿಸುತ್ತಿದ್ದನು. ಈ ಕ್ರಮದಲ್ಲಿ ಋತುಭೇದವು ಪ್ರಭೇದಭೇದವಾಗಿ ತೋರುವ ಅಪಾಯವಿತ್ತು. ಲಿನೇಯಸ್ 1758ರಲ್ಲಿಯೇ 'ಅಲ್ಮಾನಾ' ಮತ್ತು 'ಆಸ್ಟೀರಿಯೇ' ಎಂದು ಬೇರೆ ಬೇರೆಯಾಗಿ ಹೆಸರಿಸಿದ ಎರಡು ಚಿಟ್ಟೆಗಳು ವಾಸ್ತವದಲ್ಲಿ ಒಂದೇ ಪ್ರಭೇದದ ಬೇಸಗೆಯ ಮತ್ತು ಮಳೆಗಾಲದ ರೂಪಗಳು. ಮೊದಲನೆಯದರ ರೆಕ್ಕೆ ಮೊನಚಾಗಿ ಒಣಗಿದ ಎಲೆಯನ್ನು ಹೋಲುತ್ತದೆ. ಎರಡನೆಯದರ ಕೆಳಮೈಯಲ್ಲಿ ಕಣ್ಚುಕ್ಕೆಗಳು ಸ್ಪಷ್ಟ. ಕರಿಬೇವು, ನಿಂಬೆಗಳ ಮೇಲೆ ಬೆಳೆಯುವ 'ಪಾಲಿಟೀಸ್' ಚಿಟ್ಟೆಯ ಹೆಣ್ಣುಗಳು ಹಲವು ರೂಪಗಳಲ್ಲಿ ಕಾಣಿಸಿಕೊಳ್ಳುವುದರಿಂದ ಅಲ್ಲಿಯೂ ಇಂಥದೇ ಗೊಂದಲ ಉಂಟಾಗಿತ್ತು.

ಇದಕ್ಕೆ ಪರಿಹಾರವಿದ್ದುದು ಸಾಕಣೆಯಲ್ಲಿ. ಮೊಟ್ಟೆಯನ್ನೋ ಕಂಬಳಿಹುಳವನ್ನೋ ತಂದು, ಅದು ತಿನ್ನುವ ಎಲೆಯನ್ನೇ ಒದಗಿಸಿ, ಕೋಶದಿಂದ ಹೊರಬಂದ ಚಿಟ್ಟೆಯನ್ನು ಗುರುತಿಸುವುದು ಆ ವಿಧಾನ. ಕಲ್ಕತ್ತೆಯಲ್ಲಿ ಲಯೊನೆಲ್ ಡಿ ನಿಸ್‌ವಿಲ್ ಇದೇ ದಾರಿಯಿಂದ ಋತುರೂಪಗಳನ್ನು ಪರೀಕ್ಷಿಸಿದ್ದರು. ಡೇವಿಡ್‌ಸನ್ ಮತ್ತು ಐಟ್ಕನ್ 1890ರಲ್ಲಿ ಮುಂಬಯಿ ಪ್ರಾಂತ್ಯದ ಚಿಟ್ಟೆಗಳ ಹುಳ ಮತ್ತು ಕೋಶಗಳ ಟಿಪ್ಪಣಿಗಳನ್ನು ಪ್ರಕಟಿಸಿದರು. ಬೆಲ್ ಸೇರಿದ ಬಳಿಕ ಅದು ಇಡೀ ಜಿಲ್ಲೆಯ ಜೀವನಚರಿತ್ರೆಯಾಗಿ ಬೆಳೆಯಿತು. ಬಂದಳಿಕೆ, ಎಕ್ಕ, ಈಶ್ವರಿ ಬಳ್ಳಿಗಳು ಹೀಗೆ ಕೇವಲ ಸಸ್ಯಗಳಾಗಿ ಉಳಿಯದೆ ವರ್ಗೀಕರಣದ ಸಾಕ್ಷಿಗಳಾದವು. ಬಿಂಗ್‌ಹ್ಯಾಮ್ ಅವರು 1905 ಮತ್ತು 1907ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಗಾಗಿ ಬರೆದ ಸಂಪುಟಗಳಲ್ಲಿ ಹುಳಗಳ ವಿವರಗಳಿಗೆ ಈ ಬರಹಗಳನ್ನೇ ಆಶ್ರಯಿಸಿದರು. ಬೆಲ್ ಅವರ ಬಯಲುನಾಡಿನ ಸಾಮಾನ್ಯ ಚಿಟ್ಟೆಗಳ ಲೇಖನಮಾಲೆ 1909ರಿಂದ 1927ರವರೆಗೆ ಮುಂದುವರಿಯಿತು. ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿದ ಅವರು 1948ರಲ್ಲಿ ಅಲ್ಲಿಯೇ ನಿಧನರಾದರು.

ಶಾಸ್ತ್ರೀಯ ನಾಮಪದ್ಧತಿಯು ಈ ಶ್ರಮವನ್ನು ಸಮನಾಗಿ ಹಂಚುವುದಿಲ್ಲ. ಪ್ರಭೇದದ ಹೆಸರಿನ ಪಕ್ಕದಲ್ಲಿ ನಿಲ್ಲುವುದು ಅದನ್ನು ಮೊದಲು ವಿವರಿಸಿದವನ ಹೆಸರು. ಹಿಡಿದವನದಲ್ಲ, ಹುಳವನ್ನು ಸಾಕಿದವನದೂ ಅಲ್ಲ. ಆದರೆ ನೆಲದ ಹೆಸರು ಕೆಲವೊಮ್ಮೆ ಉಳಿಯುತ್ತದೆ. 1880ರ ದಶಕದಲ್ಲಿ ಫ್ರೆಡೆರಿಕ್ ಮೂರ್ ಒಂದು ಸಣ್ಣ ಕಂದು ಚಿಟ್ಟೆಗೆ ಕೊಟ್ಟ 'ಕೆನರಾಯಿಕಾ' ಎಂಬ ವಿಶೇಷಣದಲ್ಲಿ, ಪರಕೀಯರ ಬಾಯಲ್ಲಿ 'ಕೆನರಾ' ಆದ ಕನ್ನಡವೇ ಲ್ಯಾಟಿನ್ ರೂಪ ತಾಳಿದೆ.

ಜಿಲ್ಲೆಯನ್ನು ಆಧರಿಸಿದ ಪಟ್ಟಿಗಳನ್ನು ಇಂದು ಓದುವಾಗ ಗಡಿಯ ಚರಿತ್ರೆಯನ್ನೂ ನೆನೆಯಬೇಕು. ಕೋವಾಡವಿರುವ ಚಂದಗಡ ತಾಲೂಕು 1956ರವರೆಗೆ ಬೆಳಗಾವಿ ಜಿಲ್ಲೆಯಲ್ಲಿದ್ದು ಅನಂತರ ಕೊಲ್ಲಾಪುರಕ್ಕೆ ಸೇರಿತು. ಆದ್ದರಿಂದ ಹಳೆಯ ಚೀಟಿಯ ಮೇಲೆ 'ಬೆಳಗಾವಿ' ಎಂದಷ್ಟೇ ಇದ್ದರೆ ಅದು ಇಂದಿನ ಯಾವ ರಾಜ್ಯದ ಮಾದರಿ ಎಂಬುದು ತೀರ್ಮಾನವಾಗುವುದಿಲ್ಲ. ಸಹ್ಯಾದ್ರಿಯ ಕಾಡು ಆ ಗೆರೆಯ ಎರಡೂ ಬದಿಗೆ ಹಬ್ಬಿದೆ. ಊರು, ತಿಂಗಳು, ಆಹಾರಸಸ್ಯಗಳನ್ನು ಬರೆದಿಟ್ಟ ಮಾದರಿಯು ಗಡಿ ಬದಲಾದರೂ ಸಾಕ್ಷ್ಯವಾಗಿ ಉಳಿಯುತ್ತದೆ. ಬರೆಯದಿದ್ದುದು ಚೆಲುವಾದ ರೆಕ್ಕೆಯಷ್ಟೇ.