ಮದ್ದಿನ ಉಗ್ರಾಣಂದ ಅಡಿಗೆ ಒಳಂಗೆ ಬಂದ ಸೇಜ್ ಸೊಪ್ಪು

ನಮ್ಮ ಜಾಲಕರೆಲಿ ಸಾಂಬ್ರಾಣಿ ಸೊಪ್ಪು ಹೇಂಗೋ, ಯುರೋಪಿನವರ ಹಿತ್ತಿಲಿಲ್ಲಿ ಸೇಜ್ ಹಾಂಗೆ. ಸಾಂಬ್ರಾಣಿ ಹೇಳಿರೆ ಧೂಪಕ್ಕೆ ಹಾಕುದಲ್ಲ ಆತೋ, ಘಟ್ಟದ ಮೇಲಾಣವು ದೊಡ್ಡಪತ್ರೆ ಹೇಳ್ತವಲ್ಲದಾ, ಅದು. ಎರಡೂ ತುಳಸಿ, ಪುದಿನದ ಕುಟುಂಬಕ್ಕೇ ಸೇರಿದ್ದು. ಸೇಜಿನ ಎಲೆ ರಜಾ ಉದ್ದಕೆ, ಬೂದಿ ಹಸುರು ಬಣ್ಣ, ಮುಟ್ಟಿರೆ ವೆಲ್ವೆಟ್ಟಿನ ಹಾಂಗೆ ಮೆದು. ತಿಕ್ಕಿರೆ ಕರ್ಪೂರದ ಹಾಂಗಿಪ್ಪ ಪರಿಮ್ಮಳ. ಹುಟ್ಟೂರು ಮೆಡಿಟರೇನಿಯನ್ ಕರಾವಳಿಯ ಕಲ್ಲುಗುಡ್ಡೆಗೊ. ಕ್ರೊಯೇಷಿಯಾದ ಡಾಲ್ಮೇಷಿಯಾ ಕರೆಯ ಸೇಜಿಂಗೆ ಈಗಳೂ ಒಳ್ಳೆ ಹೆಸರಿದ್ದು.

ಈ ಸೊಪ್ಪಿನ ಚರಿತ್ರೆ ಓದಿಯಪ್ಪಗ ಎನ್ನ ಮನಸ್ಸಿಲ್ಲಿ ಒಳುದ್ದು ಒಂದೇ ಸಂಗತಿ. ಚಕ್ರವರ್ತಿಯ ಆಜ್ಞೆಲಿ ಜಾಗೆ ಸಿಕ್ಕಿದ ಮದ್ದು ಇದು. ಆದರೆ ಅದರ ಸರಿಯಾದ ಅಳತೆಯ ಕಾದು ಮಡುಗಿದ್ದು ಮನೆಯ ಅಡಿಗೆ ಒಳ.

ಹೆಸರಿಂದಲೇ ಸುರು ಮಾಡುವೊ. ಲ್ಯಾಟಿನ್ ಭಾಷೆಲಿ ಇದು ಸಾಲ್ವಿಯಾ. ಸಾಲ್ವಸ್ ಹೇಳಿರೆ ಸೌಖ್ಯಲ್ಲಿಪ್ಪದು, ಅಪಾಯ ಇಲ್ಲದ್ದದು. ಆ ಶಬ್ದಂದ ಬಂದ ಹೆಸರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಸಾಲ್ವಿಯಾ ಅಫಿಶಿನಾಲಿಸ್ ಹೇಳಿ ಹೆಸರು ಮಡುಗಿದವು. ಅಫಿಶಿನಾ ಹೇಳಿರೆ ಇಲ್ಲಿ ನಮ್ಮ ಆಫೀಸು ಅಲ್ಲ. ಕ್ರೈಸ್ತ ಮಠಂಗಳಲ್ಲಿ ಮದ್ದು ಮಡುಗುತ್ತ ಉಗ್ರಾಣ.

ಸುಮಾರು 800ನೇ ಇಸವಿಯ ಹೊತ್ತಿಂಗೆ, ಶಾರ್ಲಮೇನ್ ಚಕ್ರವರ್ತಿಯ ಕಾಲಲ್ಲಿ, ಅರಮನೆಯ ಜಾಗೆಗಳ ನೋಡಿಗೊಂಬವಕ್ಕೆ ಒಂದು ಆಜ್ಞಾಪತ್ರ ಹೊರಟತ್ತು. ಕಪಿತುಲಾರೆ ದೆ ವಿಲ್ಲಿಸ್ ಹೇಳಿ ಅದರ ಹೆಸರು. ತೋಟಲ್ಲಿ ಯಾವ ಯಾವ ಸೆಸಿ ಬೆಳೆಶೆಕ್ಕು ಹೇಳ್ತ ಪಟ್ಟಿ ಅದರಲ್ಲಿದ್ದು, ಆ ಪಟ್ಟಿಲಿ ಸೇಜೂ ಇದ್ದು. ರಜಾ ಸಮಯ ಕಳುದು ಸೇಂಟ್ ಗಾಲ್ ಮಠಕ್ಕೆ ಹೇಳಿ ಒಂದು ನಕ್ಷೆ ಬರದವು. ಅದು ಇಂದಿಂಗೂ ಹಾಳಾಗದ್ದೆ ಒಳುದ್ದು. ವೈದ್ಯರ ಮನೆಯ ಹತ್ತರೆ 16 ಮಡಿಯ ಮದ್ದಿನ ತೋಟ. ಅದರಲ್ಲಿ ಒಂದು ಮಡಿ ಸೇಜಿಂದು.

ಅದೇ ಶತಮಾನಲ್ಲಿ, ಕಾನ್‌ಸ್ಟನ್ಸ್ ಸರೋವರದ ರೈಖೆನಾವ್ ದ್ವೀಪಲ್ಲಿ ವಾಲಾಫ್ರಿಡ್ ಸ್ಟ್ರಾಬೋ ಹೇಳ್ತ ಮಠಾಧಿಪತಿ ಇತ್ತಿದ್ದವು. ಕೈತೋಟದ ಬಗ್ಗೆ ಉದ್ದಕೆ ಒಂದು ಪದ್ಯ ಬರದವು. ಅದರಲ್ಲಿ ಸುರುವಿಂಗೆ ಬಪ್ಪ ಸೆಸಿಯೇ ಸೇಜ್. ಬರೇ ಹೊಗಳಿಕೆ ಅಲ್ಲ. ಹೂಗಿನ ಹೊಸ ಸಂತಾನವ ತೆಗೆಯದ್ರೆ ಅಬ್ಬೆಸೆಸಿಗೇ ಕೇಡು ಹೇಳ್ತ ಎಚ್ಚರಿಕೆಯೂ ಇದ್ದು. ಕೈಗೆ ಮಣ್ಣು ಮಾಡಿಗೊಂಡವಕ್ಕೆ ಗೊಂತಪ್ಪ ಸಂಗತಿ ಅದು.

ಮತ್ತೆ ಇಟಲಿಯ ಸಲೆರ್ನೋ ಊರಿನ ವೈದ್ಯಶಾಲೆ. ಅದರ ಹೆಸರಿಲ್ಲಿ ಆರೋಗ್ಯದ ಪದ್ಯಂಗೊ ಯುರೋಪು ಇಡೀ ಹಬ್ಬಿದ್ದು. ಅಲ್ಲಿಯೂ ಸೇಜಿನ ಹೊಗಳಿಕೆ ಜೋರು. ಆದರೆ ಅದರ ಬೆಳೆಶಿದವಕ್ಕೂ ಸಾವು ತಪ್ಪ ಹೇಳ್ತ ಸತ್ಯವ ಅವು ಮುಚ್ಚಿ ಮಡುಗಿದ್ದಿಲ್ಲೆ.

ಅಡಿಗೆ ಒಳಾಣ ಕತೆ ಬೇರೆಯೇ. ಇಂಗ್ಲೆಂಡಿಲ್ಲಿ ಚೀನಾದ ಚಾಯ ಮನೆಮನೆಗೆ ಎತ್ತುವ ಮದಲೇ ಸೇಜಿನ ಕಷಾಯ ಕುಡುದುಗೊಂಡಿತ್ತಿದ್ದವು. ಕೊಬ್ಬಿಪ್ಪ ಮಾಂಸಕ್ಕೆ ನೀರುಳ್ಳಿ, ಸೇಜ್ ತುಂಬುಸುದು, ಲಿಂಕನ್‌ಶೈರಿನ ಸಾಸೇಜಿಂಗೆ ಸೇರ್ಸುದು, ಡರ್ಬಿ ಚೀಸಿಂಗೆ ಹಾಕಿ ಹಸುರು ಗೆರೆ ಬರ್ಸುದು, ಎಲ್ಲ ಇದ್ದು. ಭಾರದ ಊಟ ಹೊಟ್ಟೆಲಿ ಹಗುರ ಆಯೆಕ್ಕು ಹೇಳ್ತ ಲೆಕ್ಕ. ಮಾಂಸದ ರುಚಿ ಎನಗೆ ಗೊಂತಿಲ್ಲೆ. ಇಟಲಿಯವು ಬೆಣ್ಣೆ ಕರಗುಸಿ, ಅದರಲ್ಲಿ ನಾಲ್ಕು ಎಲೆ ಗರಿಗರಿ ಹೊರುದು ಪಾಸ್ತದ ಮೇಗೆ ಎರೆತ್ತವು. ಅದು ಮಾಂತ್ರ ಲಾಯ್ಕಕೆ ಅರ್ಥ ಆವುತ್ತು.

ಆ ‘ನಾಲ್ಕು ಎಲೆ’ ಹೇಳುದೇ ಮುಖ್ಯ. ಸೇಜಿನ ಎಣ್ಣೆಲಿ ಥುಜೋನ್ ಹೇಳ್ತ ವಸ್ತು ಇದ್ದು, ಹೆಚ್ಚಾದರೆ ಅಪಸ್ಮಾರದ ಹಾಂಗೆ ಸೆಳೆತ ಬಕ್ಕು. ಯುರೋಪಿನ ಔಷಧ ಸಂಸ್ಥೆ ಬಾಯಿ, ಗಂಟಲಿನ ಉರಿಗೆ, ಹೊಟ್ಟೆ ಉಬ್ಬರಕ್ಕೆ, ಅತಿಯಾಗಿ ಬೆಗರುದಕ್ಕೆ ಸೇಜಿನ ಎಲೆಯ ಪರಂಪರೆಯ ಬಳಕೆಯ ಒಪ್ಪಿದ್ದು. ಬಸರಿಯರಿಂಗೆ, ಹಾಲೂಡುಸುವವಕ್ಕೆ ಬೇಡ ಹೇಳಿಯೂ ಹೇಳಿದ್ದು. ಬೆಣ್ಣೆಲಿ ಹೊರುದ ಎಲೆ ಬೇರೆ, ಶೀಶೆಲಿ ತುಂಬುಸಿದ ಎಣ್ಣೆ ಬೇರೆ. ಅಡಿಗೆ ಮಾಡುವವರ ಕೈಲಿ ಸೇಜ್ ಮಿತಿ ಮೀರದ್ದೆ ಒಳುದ್ದು, ಎಂತಕೆ ಹೇಳಿರೆ ಹೆಚ್ಚಾದರೆ ಕೈಕ್ಕೆ ಆವುತ್ತು, ಉಂಬವು ಬಟ್ಳಿಲೇ ಬಿಡ್ತವು!

ಇನ್ನು ನಮ್ಮ ಸಾಂಬ್ರಾಣಿ. ಅಬ್ಬೆ ತಂಬುಳಿ ಮಾಡುದು ಹೇಂಗೆ ಹೇಳಿರೆ, ಎಲೆಯ ತುಪ್ಪಲ್ಲಿ ಬಾಡುಸಿ, ಜೀರಿಗೆ, ಗೆಣಮೆಣಸು ಹೊರುದು, ಕಾಯಿಸುಳಿ ಒಟ್ಟಿಂಗೆ ಕಡದು, ಮಜ್ಜಿಗೆ ಸೇರ್ಸುದು. “ಎಷ್ಟು ಎಲೆ ಅಬ್ಬೇ?” ಕೇಳಿರೆ, “ಒಂದು ಹಿಡಿ.” ಮಕ್ಕೊಗೆ ಶೀತ ಆದರೆ ಬಾಡುಸಿ ಹಿಂಡಿದ ರಸ ಕೊಡ್ತವು. “ಅದೆಷ್ಟು?” ಕೇಳಿರೆ, “ಪ್ರಾಯ ನೋಡಿ.” ಉತ್ತರ ಸರಿಯೇ. ಆದರೆ ಆ ಹಿಡಿ ಅಬ್ಬೆಯ ಕೈದು, ಆ ನೋಟ ಅಬ್ಬೆಯ ಕಣ್ಣಿಂದು. ಅಬ್ಬೆಗೆ ಪ್ರಾಯ ಎಂಭತ್ತರ ಹತ್ತರೆ ಆತು.

ಸೇಂಟ್ ಗಾಲಿನ ಸೇಜಿನ ಮಡಿ ಎಲ್ಲಿ ಹೇಳಿ 1,200 ವರ್ಷ ಕಳುದರೂ ಇಷ್ಟು ದೂರಲ್ಲಿ ಕೂದ ಎನಗೆ ಗೊಂತಾವುತ್ತು, ಆರೋ ಬರದು ಮಡುಗಿದ ಕಾರಣ. ನಮ್ಮ ಮನೆಯ ಅಳತೆ ಎನ್ನ ಮಗಳಿಂಗೂ ಗೊಂತಿಲ್ಲೆ. ಹಾಂಗಾಗಿ ಅಬ್ಬೆ ಕೊಯ್ದು ತಂದ ಎಲೆಗಳ ಆನು ಈಗ ಎಣುಸಿ ಪುಸ್ತಕಲ್ಲಿ ಬರೆತ್ತೆ. ಮೊನ್ನೆ ಐದು ಜೆನರ ತಂಬುಳಿಗೆ ದೊಡ್ಡದು, ಸಣ್ಣದು ಸೇರಿ 14 ಎಲೆ.

ನಿಂಗಳ ಮನೆಲಿ ಒಂದು ಹಿಡಿ ಹೇಳಿರೆ ಎಷ್ಟು? ಹಿರಿಯರು ಇಪ್ಪಗಳೇ ಎಣುಸಿಕ್ಕಿ.